ದೊಡ್ಡ ಮಾವನ ಕಡವೆ ಪಾಠ

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಮುಂಜಾನೆ. ಅಲೆವೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಅಮೆರಿಕದ ಕೊಲೊರಾಡೊದಿಂದ ತಂಗಿಯ ಮಗಳ ಕರೆ ಬಂತು. ಅಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಕುಶಲ ಸಮಾಚಾರ ಮುಗಿಯುವ ಮೊದಲೇ ಅವಳ ದೂರು ಆರಂಭವಾಯಿತು. “ಮಾವ, ನೀವಾದರೂ ಇವನಿಗೆ ಬುದ್ಧಿ ಹೇಳಿ. ಗೆಳೆಯನ ಅಪ್ಪನ ಜೊತೆ ಎಲ್ಕ್ ಬೇಟೆಗೆ ಹೋಗುತ್ತಾನಂತೆ. ಪರೀಕ್ಷೆ ಬೇರೆ ಪಾಸು ಮಾಡಿಕೊಂಡು ಬಂದಿದ್ದಾನೆ.”

ಇವನು ಎಂದರೆ ಅವಳ ಮಗ. ಹದಿನೈದರ ಹುಡುಗ, ಹುಟ್ಟಿದ್ದೂ ಬೆಳೆದದ್ದೂ ಅಲ್ಲಿಯೇ. ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೇಟೆಗೂ ಒಂದು ಪರೀಕ್ಷೆಯಿದೆ ಎಂಬುದು ಅಧ್ಯಾಪಕನಾದ ನನಗೆ ಸ್ವಾರಸ್ಯವೆನಿಸಿ ಅವನನ್ನೇ ಕರೆದು ವಿಚಾರಿಸಿದೆ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆಯ ಪರವಾನಗಿ ಪಡೆಯಬೇಕಾದರೆ ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕಂತೆ. ಹದಿನಾರು ತುಂಬದವರ ಜೊತೆಗೆ ಹಿರಿಯರೊಬ್ಬರು, ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರಲೇಬೇಕು. ಕೋವಿಯ ಬೇಟೆಗೆ ಹೋಗುವವರು ದೂರದಿಂದಲೇ ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ತೊಡಬೇಕು. ಹೊಡೆದ ಪ್ರಾಣಿಯ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬರುವುದು ಅಪರಾಧ. ಹುಡುಗ ಇದನ್ನೆಲ್ಲ ಒಪ್ಪಿಸುತ್ತಿದ್ದಾಗ ನನ್ನ ಕಿವಿಯಲ್ಲಿ ಬೇರೊಂದು ಧ್ವನಿ ಕೇಳತೊಡಗಿತು.

ಎಲ್ಕ್ ಎಂಬುದು ನಮ್ಮ ಕಡವೆಯ ಹತ್ತಿರದ ನೆಂಟ, ಅದಕ್ಕಿಂತ ದೊಡ್ಡ ಜಿಂಕೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸಿಂಹಳದ ಬೇಟೆಯ ಪುಸ್ತಕ ಬರೆದ ಸ್ಯಾಮ್ಯುಯೆಲ್ ಬೇಕರ್ ಅಲ್ಲಿನ ಕಡವೆಯನ್ನು ‘ಎಲ್ಕ್’ ಎಂದೇ ಕರೆದಿದ್ದಾನೆ. ಆದ್ದರಿಂದ ನಾನು ಬಾಲ್ಯದಲ್ಲಿ ಎಲ್ಕ್ ಬೇಟೆಗೆ ಹೋಗಿದ್ದೆ ಎಂದರೆ ಪೂರ್ತಿ ಸುಳ್ಳಾಗದು! ಮೂಲಭೂತ ಕರ್ತವ್ಯಗಳ ಪಾಠ ಮಾಡಿದ ಮೇಷ್ಟ್ರು ಬೇಟೆಗೆ ಹೋಗಿದ್ದರೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಹೋಗಿದ್ದೆ. 1971ರಲ್ಲಿ, ನನ್ನ ಹನ್ನೆರಡನೆಯ ವಯಸ್ಸಿನಲ್ಲಿ, ದೊಡ್ಡ ಮಾವನ ಬೆನ್ನ ಹಿಂದೆ.

ತಾಯಿಯ ಮನೆ ಹೆಬ್ರಿಯಿಂದ ಆಚೆ, ಸೋಮೇಶ್ವರದ ಹಾದಿಯಲ್ಲಿ, ಘಟ್ಟದ ಬುಡದಲ್ಲಿತ್ತು. ಅಳಿಯಕಟ್ಟಿನ ಮನೆ. ದೊಡ್ಡ ಮಾವನೇ ಯಜಮಾನ. ಅಳಿಯಂದಿರಿಗೆ ಗದ್ದೆ, ಲೆಕ್ಕ, ದೈವದ ಕಟ್ಟುಕಟ್ಟಳೆ ಕಲಿಸುವ ಹೊಣೆಯಂತೆ ಬೋಂಟೆ ಕಲಿಸುವ ಹೊಣೆಯೂ ಅವರದೇ. ಭೂಮಿತಾಯಿ ಮುಟ್ಟಾಗುವಳೆಂದು ನೇಗಿಲು, ಹಾರೆ ಮುಟ್ಟದ ಕೆಡ್ಡಸದ ದಿನಗಳಲ್ಲಿ ಊರ ಗಂಡಸರೆಲ್ಲ ಕಾಡಿಗೆ ಹೊರಡುವ ರೂಢಿ. ಕೆಲವರು ನಾಯಿಗಳೊಂದಿಗೆ ಕಾಡು ನುಗ್ಗಿ ಪ್ರಾಣಿಗಳನ್ನು ಎಬ್ಬಿಸಬೇಕು. ಕೋವಿಯವರು ಅವು ಹಾಯುವ ಕಂಡಿಗಳಲ್ಲಿ ಕಾದು ನಿಲ್ಲಬೇಕು. ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು.

ಮಾವನ ಶಾಲೆಯಲ್ಲಿ ಮೊದಲ ವರ್ಷ ಕೋವಿ ಮುಟ್ಟುವಂತಿರಲಿಲ್ಲ. ನೀರಿನ ಹೂಜಿ ಹೊರಬೇಕು, ಬಾಯಿ ಮುಚ್ಚಿರಬೇಕು. ಅವರ ಸೊಂಟದಲ್ಲಿ ಒಲೆಯ ಬೂದಿ ತುಂಬಿದ ಪುಟ್ಟ ಬಟ್ಟೆಚೀಲವಿರುತ್ತಿತ್ತು. ಚಿಟಿಕೆ ಬೂದಿ ಗಾಳಿಗೆ ಬಿಟ್ಟು ತೋರಿಸುತ್ತಿದ್ದರು: ಬಿಸಿಲೇರಿದಂತೆ ಗಾಳಿ ಗುಡ್ಡ ಹತ್ತುತ್ತದೆ, ಹೊತ್ತು ಕಂತಿದ ಮೇಲೆ ಇಳಿಯುತ್ತದೆ. ಕಡವೆಯ ಕಣ್ಣಿಗೆ ಸುಳ್ಳು ಹೇಳಬಹುದು, ಮೂಗಿಗೆ ಹೇಳಲಾಗದು ಎನ್ನುತ್ತಿದ್ದರು. ಅಲುಗದೆ ನಿಂತ ಮನುಷ್ಯ ಅದಕ್ಕೆ ಮರದ ಬೊಡ್ಡೆ ಅಷ್ಟೇ. ಗಾಳಿ ತಿರುಗಿತೋ, ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಾಲವೆತ್ತಿ, ಒಮ್ಮೆ ‘ಢಾಂಕ್’ ಎಂದು ಕೂಗಿ ಇಡೀ ಕಾಡಿಗೆ ಸುದ್ದಿ ಮುಟ್ಟಿಸುತ್ತದೆ. ಗಂಡು ಕೊಂಬು ಉಜ್ಜಿ ಸಿಪ್ಪೆ ಕಿತ್ತ ಮರ, ಕೆಸರಿನಲ್ಲಿ ಹೊರಳಾಡಿದ ಗುಂಡಿ, ದನದ ಗೊರಸಿಗಿಂತ ಚೂಪಾದ ಅದರ ಗೊರಸು ಇವನ್ನೆಲ್ಲ ಬೆರಳಿಟ್ಟು ಓದಿಸಿದವರು ಅವರು. ಬಿ.ಎಡ್.ನಲ್ಲಿ ‘ಮಾಡಿ ಕಲಿ’ ಎಂಬ ತತ್ತ್ವವನ್ನು ಓದುವಾಗ ನನಗೆ ನೆನಪಾದದ್ದು ಮಾವನ ಬೆರಳೇ.

ಅವರ ಪಾಠದ ಬಹುಭಾಗ ಹೊಡೆಯಬಾರದ ಸಂದರ್ಭಗಳನ್ನು ಕುರಿತದ್ದೆಂದು ಈಗ ಹೊಳೆಯುತ್ತಿದೆ. ಸದ್ದಿಗೆ ಹೊಡೆಯಬಾರದು. ಅಲುಗಿದ ಪೊದೆಗೆ ಹೊಡೆಯಬಾರದು. ಪ್ರಾಣಿ ಪೂರ್ತಿ ಕಂಡರೂ ಅದರ ಹಿಂದೆ ಏನಿದೆಯೆಂದು ತಿಳಿಯದೆ ಹೊಡೆಯಬಾರದು. ಕಾಡು ನುಗ್ಗುವವನೂ ಯಾರದೋ ಮನೆಯ ಮಗ. ಹೆಣ್ಣನ್ನು ಹೊಡೆಯಬಾರದು. ಗಾಯಗೊಳಿಸಿದವನು ಅದು ಸಿಗುವವರೆಗೆ ಮನೆಗೆ ಮರಳಬಾರದು.

ಆ ವರ್ಷ ನನ್ನನ್ನು ಹಿರಿಯ ಸಂಬಂಧಿಯೊಬ್ಬನ ಪಕ್ಕದಲ್ಲಿ ನಿಲ್ಲಿಸಿದ್ದರು. ಅವನಿಗೆ ಹತ್ತೊಂಬತ್ತು ವಯಸ್ಸು, ಕೈಯಲ್ಲಿ ಒಂಟಿನಳಿಗೆ ತೋಟೆಕೋವಿ. ಹೆಸರು ಬರೆಯುವುದಿಲ್ಲ, ಓದುವ ಬಂಧುಗಳಿಗೆ ಊಹೆಗೆ ಸಿಕ್ಕೀತು. ದೂರದಲ್ಲಿ ನಾಯಿಗಳ ಬೊಗಳು, ಜನರ ಕೂಗು. ಎದುರಿನ ಬಿದಿರುಮೆಳೆ ಅಲುಗಿತು. ನಾನು ತಡೆಯಲಾರದೆ ಅವನ ತೋಳು ಜಗ್ಗಿ “ಅಲ್ಲಿ!” ಎಂದೆ. ಕೋವಿ ಸಿಡಿಯಿತು. ಮೆಳೆಯಾಚೆಯಿಂದ ಹೊರಬಿದ್ದ ಹೆಣ್ಣು ಕಡವೆ ಹಿಂಗಾಲು ಎಳೆಯುತ್ತ ಇಳಿಜಾರಿನಲ್ಲಿ ಮರೆಯಾಯಿತು.

ಮಾವ ಬಂದರು. ನೆಲಕ್ಕೆ ಬಾಗಿ ಎಲೆಯ ಮೇಲಿನ ನೆತ್ತರನ್ನು ನೋಡಿದರು. ನೊರೆನೊರೆಯಾದ ಕೆಂಪಾದರೆ ಶ್ವಾಸಕೋಶಕ್ಕೆ ತಾಗಿದೆ, ದೂರ ಹೋಗದು. ಇದು ಕಪ್ಪಾಗಿತ್ತು, ಹಸಿರು ರಸ ಬೆರೆತಿತ್ತು, ಹೊಟ್ಟೆಗೆ ಬಿದ್ದಿತ್ತು. ಕೂಡಲೇ ಬೆನ್ನಟ್ಟಿದರೆ ನೋವಿನಲ್ಲಿಯೂ ಮೈಲುಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ ಎಂದು ಎಲ್ಲರನ್ನೂ ಕುಳ್ಳಿರಿಸಿದರು. ಆಗ ಅವನನ್ನು ಕೇಳಿದರು, “ಏನು ನೋಡಿ ಹೊಡೆದೆ?”

“ಅಲುಗಿದ್ದನ್ನು” ಎಂದ. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕತ್ತಲಾಗುವವರೆಗೆ ಜಾಡು ಹಿಡಿದೆವು. ರಾತ್ರಿ ಕಾಡಿನಂಚಿನ ಒಕ್ಕಲ ಮನೆಯೊಂದರಲ್ಲಿ ಗಂಜಿ ಕೊಟ್ಟರು, ಮಾವ ಉಣ್ಣಲಿಲ್ಲ. ಬೆಳಿಗ್ಗೆ ತೊರೆಯ ಬದಿಯಲ್ಲಿ ಅದು ಸಿಕ್ಕಿತು. ಇನ್ನೂ ಜೀವವಿತ್ತು. ಮಾವ ಮಾತಾಡದೆ ತಮ್ಮ ಕೋವಿಯನ್ನು ಆ ಹುಡುಗನ ಕೈಗಿತ್ತರು. ಎಲ್ಲ ಮುಗಿದ ಮೇಲೆ ನೋಡಿದರೆ ಕೆಚ್ಚಲಿನಲ್ಲಿ ಹಾಲಿತ್ತು. ತೊರೆಯ ಕೆಸರಿನಲ್ಲಿ ಸುತ್ತಮುತ್ತ ಪುಟ್ಟ ಗೊರಸುಗಳ ಗುರುತು.

ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಸೋಮೇಶ್ವರದ ಕಾಡು ಅಭಯಾರಣ್ಯವಾಯಿತು. ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ಅವಕಾಶವೂ 1991ರ ತಿದ್ದುಪಡಿಯಿಂದ ಮುಗಿಯಿತು. ಮಾವ ಗೊಣಗಿದವರಲ್ಲ. ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಕೋವಿ ಗೋಡೆಯ ಮೇಲೆ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದಷ್ಟೇ ಅದರ ತಿರುಗಾಟ. ಆದರೆ ಬೇಟೆಯೊಂದಿಗೆ ಅವರು ಪಾಠವನ್ನೂ ನಿಲ್ಲಿಸಿಬಿಟ್ಟರು. ನನ್ನ ಕಿರಿಯ ತಮ್ಮಂದಿರಿಗೆ ಬೂದಿಚೀಲದ ಸಂಗತಿಯೇ ತಿಳಿಯದು. ಕಾಯಿದೆ ಬೇಕಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕೋವಿಗಳು, ಜೀಪುಗಳು, ರಾತ್ರಿ ಬೆಳಕು ಬಿಟ್ಟು ಹೊಡೆಯುವವರು ಹೆಚ್ಚಾದ ಮೇಲೆ ಮಾವನಂಥವರ ಕಟ್ಟಳೆಗಳಿಂದ ಕಾಡು ಉಳಿಯುತ್ತಿರಲಿಲ್ಲ. ನನ್ನ ಕೊರಗು ಬೇರೆಯದು.

1998ರ ಸುಮಾರಿಗೆ ನಾನು ಘಟ್ಟದ ತಪ್ಪಲಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಸಂವಿಧಾನದ 51ಎ ವಿಧಿ. ವನ್ಯಜೀವಿಗಳ ರಕ್ಷಣೆ ನಾಗರಿಕನ ಕರ್ತವ್ಯ ಎಂಬ ಭಾಗ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಮೊನ್ನೆ ನಮ್ಮ ಅಣ್ಣ ಹಂದಿಗಿಟ್ಟ ಉರುಳಿಗೆ ಕಡವೆ ಬಿದ್ದಿತ್ತು” ಎಂದ. ಬೈಕಿನ ಬ್ರೇಕ್ ತಂತಿಯ ಉರುಳು. ಎರಡು ದಿನ ಯಾರೂ ಅತ್ತ ಹೋಗಿರಲಿಲ್ಲವಂತೆ. ತರಗತಿ ನಕ್ಕಿತು. ನಾನು ಕಾಯಿದೆಯ ಹೆಸರು, ವರ್ಷ, ಶಿಕ್ಷೆ ಹೇಳಿ ಅವನನ್ನು ಕುಳ್ಳಿರಿಸಿದೆ. ಹುಡುಗ ತಲೆ ತಗ್ಗಿಸಿದ. ಆಮೇಲೆ ಶಾಲೆ ಬಿಡುವವರೆಗೆ ನನ್ನೆದುರು ಕಾಡಿನ ಮಾತೆತ್ತಲಿಲ್ಲ.

ಉರುಳಿಗೆ ಗಂಡು ಹೆಣ್ಣು ತಿಳಿಯದು, ಮರಿಯಿದೆಯೇ ಎಂದು ಅದು ನೋಡದು, ಇಟ್ಟವನು ನೋವಿನ ಹಿಂದೆ ನಡೆಯಬೇಕಾಗಿಲ್ಲ. ಮಾವನಾಗಿದ್ದರೆ ಇಷ್ಟನ್ನು ಹೇಳುತ್ತಿದ್ದರು. ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಪುಸ್ತಕವನ್ನು ಮನೆಯಲ್ಲಿ ಮತ್ತೆ ಮತ್ತೆ ಓದುತ್ತಿದ್ದ ನಾನು ಶಾಲೆಯಲ್ಲಿ ಮಾತ್ರ ಕಾಡನ್ನೇ ಕಾಣದವನಂತೆ ನಡೆದುಕೊಂಡೆ. ಮೇಷ್ಟ್ರ ಮರ್ಯಾದೆಗೆ ಕುಂದೆಂಬ ಭಯ. ಆ ಹುಡುಗ ಇದನ್ನು ಓದುತ್ತಿದ್ದರೆ, ಒಮ್ಮೆ ಅಲೆವೂರಿಗೆ ಬಾರಪ್ಪಾ.

ಆದ್ದರಿಂದ ತಂಗಿಯ ಮಗಳು ಅಪೇಕ್ಷಿಸಿದ ಬುದ್ಧಿಯನ್ನು ನಾನು ಹೇಳಲಿಲ್ಲ. ಅಲ್ಲಿ ಕಾನೂನು ಒಪ್ಪುತ್ತದೆ, ಎಲ್ಕ್ ಹೇರಳವಾಗಿದೆ, ಹಿರಿಯರೊಬ್ಬರು ಜೊತೆಗಿರುತ್ತಾರೆ. ನಾಲ್ಕು ಭಾನುವಾರ ಹುಡುಗನೊಂದಿಗೆ ಮಾತಾಡಿದೆ. ಗಾಳಿಯ ವಿಷಯಕ್ಕೆ ಅವನು ನಕ್ಕ. ಅಲ್ಲಿನ ಬೆಟ್ಟದಲ್ಲಿಯೂ ಹಾಗೆಯೇ, ಬೂದಿಯ ಬದಲು ಪುಡಿಯ ಡಬ್ಬಿ ಮಾರುತ್ತಾರಂತೆ. ನೆತ್ತರಿನ ಬಣ್ಣ ಅವನ ಪಠ್ಯದಲ್ಲಿಯೂ ಇತ್ತು. ಹೆಣ್ಣನ್ನು ಹೊಡೆಯಬಾರದೆಂಬಲ್ಲಿ ಮಾತ್ರ ತಡೆದ. ಅವನ ಪರವಾನಗಿ ಇದ್ದದ್ದೇ ಹೆಣ್ಣು ಎಲ್ಕಿಗೆ. ಹಿಂಡಿನ ಸಂಖ್ಯೆಯನ್ನು ಹತೋಟಿಯಲ್ಲಿಡಲು ಇಲಾಖೆ ಲೆಕ್ಕ ಹಾಕಿ ಕೊಡುತ್ತದೆಯಂತೆ. ಒಂದು ಕಾಡಿನ ಕಟ್ಟಳೆ ಇನ್ನೊಂದು ಕಾಡಿಗೆ ಹೊಂದಬೇಕೆಂದಿಲ್ಲ, ನಾನು ವಾದಿಸಲಿಲ್ಲ. ಆದರೆ ಅಲುಗಿದ್ದಕ್ಕೆ ಹೊಡೆಯಬೇಡ ಎಂಬುದನ್ನು ಮೂರು ಸಲ ಹೇಳಿಸಿದೆ.

ಅಕ್ಟೋಬರ್ ಕೊನೆಗೆ ಮತ್ತೆ ಕರೆ. ಎರಡು ದಿನ ಹಿಮದಲ್ಲಿ ನಡೆದು ಬರಿಗೈಯಾಗಿ, ಮೂರನೆಯ ಬೆಳಿಗ್ಗೆ ಒಂದೇ ಗುಂಡಿಗೆ ಸಿಕ್ಕಿತಂತೆ. ಮಾಂಸವನ್ನು ಬೆನ್ನ ಮೇಲೆ ಹೊತ್ತು ಇಳಿಸುವಷ್ಟರಲ್ಲಿ ದಿನ ಕಳೆಯಿತಂತೆ. ಬುದ್ಧಿ ಹೇಳಿ ಎಂದಿದ್ದ ಮಹಾತಾಯಿ, “ಮಾವ, ಕಡವೆ ಸುಕ್ಕಕ್ಕೆ ಅಜ್ಜಿ ಕೊತ್ತಂಬರಿ ಎಷ್ಟು ಹುರಿಯುತ್ತಿದ್ದರು?” ಎಂದು ಕೇಳಿದಳು.

ಬಳಿಕ ಹುಡುಗ ಮಾತಿಗೆ ಬಂದ. ಅಲುಗಿದ್ದಕ್ಕೆ ಹೊಡೆಯಬೇಡವೆಂದು ಅಷ್ಟು ಸಲ ಏಕೆ ಹೇಳಿಸಿದಿರಿ ಎಂದು ಕೇಳಿದ. 1971ರ ಕೆಡ್ಡಸದ ಕತೆಯನ್ನು, ಅವನ ತೋಳು ಜಗ್ಗಿದ್ದು ನಾನೇ ಎಂಬುದನ್ನೂ ಸೇರಿಸಿ, ಅವನಿಗೆ ಹೇಳಿದೆ. ಮಾವನಿಗೆ ಹೇಳಿರಲಿಲ್ಲ, ಅವರು ಈಗ ಇಲ್ಲ. ಮನೆಯಲ್ಲಿಯೂ ಯಾರಿಗೂ ಹೇಳಿರಲಿಲ್ಲ. ಅತ್ತ ಕಡೆ ತುಸು ಹೊತ್ತು ಸದ್ದಿರಲಿಲ್ಲ. ಅನಂತರ ಅವನು, ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವವನು, ತುಳುವಿನಲ್ಲಿ ಕೇಳಿದ: “ಅಜ್ಜಾ, ಕಿನ್ನಿ ದಾದ ಆಂಡ್?” ಮರಿ ಏನಾಯಿತು ಎಂದು.

ಮೂರು ದಿನ ಹುಡುಕಿದೆವು ಮಗೂ, ಸಿಗಲಿಲ್ಲ ಎಂದೆ.