ಸವಳಿನ ಸಮಾಸ

ಧುಪದಾಳದ ಒಡ್ಡಿನಿಂದ ಕಾಲುವೆಗಿಳಿದ ಘಟಪ್ರಭೆಯು ಎರೆನೆಲಕ್ಕೆ ಕಬ್ಬನ್ನಿತ್ತಳು. ನೀರು ಬಸಿಯದೆ ನಿಂತಲ್ಲಿ ಬಿಳಿಯ ಸವಳನ್ನೂ ಇತ್ತಳು. ರೈತನಿಗೆ ಅದೆಲ್ಲವೂ ಒಂದೇ ಸವಳು. ರಸಾಯನಶಾಸ್ತ್ರವಾದರೋ ಸೋಡಿಯಮ್ ಕ್ಲೋರೈಡ್, ಸೋಡಿಯಮ್ ಸಲ್ಫೇಟ್ ಎಂದು ಬಿಡಿಸಿ ಹೆಸರಿಸುತ್ತದೆ. ಧನಾವೇಶದ ಅಂಶವು ಪೂರ್ವಪದ, ಋಣಾವೇಶದ್ದು ಉತ್ತರಪದ. ಸೋಡಿಯಮಿನ ಆವೇಶ 1, ಸಲ್ಫೇಟಿನದು 2. ಆದುದರಿಂದ ಸೂತ್ರದಲ್ಲಿ ಒಂದು ಸಲ್ಫೇಟಿಗೆ ಸೋಡಿಯಮ್ 2. ಹೆಸರಿನಲ್ಲಿ ಆ ಎರಡು ಕೇಳಿಸದು. ಸಮಾಸದಲ್ಲಿ ವಿಭಕ್ತಿಯಂತೆ ಲೋಪಿಸಿದೆ, ವಿಗ್ರಹ ಬಲ್ಲವನಿಗಷ್ಟೇ ಗೋಚರ. ಹೆಸರು ತಪ್ಪಿದರೆ ಮದ್ದೂ ತಪ್ಪೀತು. ಬರಿಯ ಕ್ಲೋರೈಡಿನ ಸವಳು ಬಸಿಗಾಲುವೆ ತೆಗೆದು ಸಿಹಿನೀರು ಹಾಯಿಸಿದರೆ ತೊಳೆದುಹೋದೀತು. ಸೋಡಿಯಮ್ ಮಣ್ಣಿನ ಕಣಕ್ಕೇ ಅಂಟಿಕೊಂಡ ಹೊಲಕ್ಕೆ ಜಿಪ್ಸಮ್, ಎಂದರೆ ನೀರುಗೂಡಿದ ಕ್ಯಾಲ್ಸಿಯಮ್ ಸಲ್ಫೇಟ್, ಬೇಕು. ಆವೇಶ 2ರ ಒಂದು ಕ್ಯಾಲ್ಸಿಯಮ್ ಕಣವನ್ನು ಹಿಡಿದು ಎರಡು ಸೋಡಿಯಮುಗಳನ್ನು ಹೊರಡಿಸುತ್ತದೆ. ಅವು ಸಲ್ಫೇಟಿನೊಡನೆ ಬಸಿಗಾಲುವೆಯ ದಾರಿ ಹಿಡಿಯುತ್ತವೆ.