ಮಣ್ಣಿನ ಮಾತು ಮುಗಿದ ಮೇಲೆ ಉಂಗುರದ ದನಿ

ನೀರಿನಡಿಯಲ್ಲಿ ಲೋಹ ಹುಡುಕುವ ಯಂತ್ರ ಕೊಳ್ಳಹೊರಟವರು ಮೊದಲು ತಮ್ಮ ಸೀಮೆಯ ಮಣ್ಣನ್ನು ನೋಡಬೇಕು. ಬೆಳಗಾವಿಯ ನೆಹರು ನಗರದಲ್ಲಿ ಕೂತು ಡಿಟೆಕ್ಟರ್ ಆರಿಸುವವರಿಗಂತೂ ಈ ಮಾತು ಹೆಚ್ಚೇ ಸಲ್ಲುತ್ತದೆ. ಊರು ದಾಟಿ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಯ ಮೇಲೆ ಹಾಯ್ದು ಚೋರ್ಲಾ ಘಾಟಿನತ್ತ ಹೋಗುವ ರಸ್ತೆಯ ಎರಡೂ ಬದಿಗೆ ಜಂಬಿಟ್ಟಿಗೆಯ ಕೆಂಪು ಕಾಣುತ್ತದೆ. ಆ ಕೆಂಪು ಕಬ್ಬಿಣದ ಬಣ್ಣ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಅದನ್ನೇ ತೊಳೆದುಕೊಂಡು ಖಾನಾಪುರಕ್ಕೆ, ಅಸೋಗೆಯ ಬಂಡೆಗಳಿಗೆ ಇಳಿಯುತ್ತಾಳೆ. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಇಂಥ ಹೊಳೆಯ ಒಣಮರಳಿನಲ್ಲಿ ಎಳೆದಾಡಿ ಎತ್ತಿದರೆ ಮೀಸೆಯಂತೆ ಕಪ್ಪು ಕಣಗಳು ನಿಮಿರಿ ನಿಲ್ಲುತ್ತವೆ. ಕಾಗದ ಬಿಚ್ಚಿದೊಡನೆ ಉದುರುತ್ತವೆ. ಘಾಟು ಇಳಿದು ಕಾರವಾರದ ಮಾಜಾಳಿಯ ಬಳಿ ಹೋದರೆ ತಿಲ್ಮಾತಿ ಎಂಬ ಕಡಲತೀರವಿದೆ. ಅಲ್ಲಿನ ಮರಳು ಎಳ್ಳಿನಂತೆ ಕಪ್ಪಗಿದೆ, ಹೆಸರೂ ಎಳ್ಳಿನಿಂದಲೇ ಬಂದದ್ದು. ನಮ್ಮ ಸೀಮೆಯ ಡೈವರ್ ತನ್ನ ಯಂತ್ರವನ್ನು ಓಡಿಸಬೇಕಾದದ್ದು ಇಂಥ ನೆಲದ ಮೇಲೆ. ಹಾಗಾಗಿ ನನ್ನ ವಾದ ಇಷ್ಟೇ: ಡಿಟೆಕ್ಟರನ್ನು ನೆಲ ಮತ್ತು ನೀರು ಆರಿಸಲಿ, ಚಿನ್ನದ ಆಸೆ ಆರಿಸುವುದು ಬೇಡ.

ಈ ಪಾಠ ಯಂತ್ರದಷ್ಟೇ ಹಳೆಯದು. 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೈಯೊಳಗಿನ ಸೀಸವನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕವನ್ನು ಕಟ್ಟಿ ತಂದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದರ ಸದ್ದನ್ನು ಕದಡಿದವು, ಗುಂಡು ಸಿಗಲಿಲ್ಲ. ಯಂತ್ರ ತನಗೆ ಕೇಳಿದ್ದನ್ನೇ ಹೇಳಿತ್ತು, ಕೆಳಗೆ ಏನಿದೆ ಎಂಬ ಲೆಕ್ಕ ತಪ್ಪಿತ್ತು. ನಮ್ಮ ಪಾಲಿಗೆ ಜಂಬಿಟ್ಟಿಗೆಯ ನೆಲವೇ ಆ ಸ್ಪ್ರಿಂಗಿನ ಹಾಸಿಗೆ.

ಅಂಗಡಿಯಲ್ಲಿ ಸಿಗುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎಲ್‌ಎಫ್ ಎಂಬ ಮೊದಲನೆಯದು ಬಿಡುವಿಲ್ಲದೆ ಕಾಂತಕ್ಷೇತ್ರದ ಅಲೆ ಕಳಿಸುತ್ತಲೇ ಇರುತ್ತದೆ, ಅದೇ ಹೊತ್ತಿಗೆ ಮರುದನಿಯನ್ನೂ ಆಲಿಸುತ್ತದೆ. ಆ ಮರುದನಿ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಇದು ಮೊಳೆ, ಇದು ತಾಮ್ರ, ಇದು ಬೆಳ್ಳಿ ಎಂದು ಊಹಿಸುತ್ತದೆ. ತುಂಬ ಜಾಣ ಯಂತ್ರ. ಆದರೆ ಕಬ್ಬಿಣ ತುಂಬಿದ ಮರಳಿನ ಮೇಲೆ ಮಣ್ಣೂ ಒಡನೆಯೇ ಉತ್ತರ ಕೊಡುವುದರಿಂದ ಸಂತೆಯಲ್ಲಿ ಪಿಸುಮಾತು ಕೇಳಲು ಹೆಣಗುವವರ ಪಾಡು ಅದಕ್ಕೆ ಬರುತ್ತದೆ. ಕಡಲಿನಲ್ಲಿ ಉಪ್ಪುನೀರು ಕೂಡ ವಿದ್ಯುತ್ತನ್ನು ಹರಿಯಗೊಡುತ್ತದಾದ್ದರಿಂದ ಗಲಾಟೆ ಇನ್ನೂ ಹೆಚ್ಚು. ಎರಡನೆಯದು ಪಲ್ಸ್ ಇಂಡಕ್ಷನ್. ಇದು ಸೆಕೆಂಡಿಗೆ ನೂರಾರು ಬಾರಿ ಒಂದು ಚುರುಕು ಮಿಡಿತ ಕೊಟ್ಟು, ಸುಮ್ಮನಾಗಿ, ಆಮೇಲೆ ಕಿವಿಗೊಡುತ್ತದೆ. ಮಿಡಿತ ನಿಂತೊಡನೆ ಉಪ್ಪುನೀರಿನಲ್ಲಿ ಎದ್ದ ವಿದ್ಯುತ್ತು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಕಪ್ಪು ಮರಳಿನ ಗದ್ದಲವೂ ಬಹುಪಾಲು ಅಡಗುತ್ತದೆ. ಉಂಗುರದೊಳಗೆ ಸುತ್ತುವ ವಿದ್ಯುತ್ತಿಗೆ ಮಾತ್ರ ಆರಲು ಹೆಚ್ಚು ಹೊತ್ತು ಬೇಕು. ನೀರು, ಮಣ್ಣು ಮಾತು ಮುಗಿಸಿದ ಮೇಲೆ ಉಳಿದ ದನಿಯನ್ನು ಕೇಳಿಸಿಕೊಳ್ಳುವ ಈ ತಾಳ್ಮೆ ನನಗೆ ಬಹಳ ಪ್ರಿಯ. ನಮ್ಮ ನೆಲಕ್ಕೆ ಒಪ್ಪುವ ಗುಣವೂ ಅದೇ.

ಪಲ್ಸ್ ಯಂತ್ರಕ್ಕೆ ಲೋಹದ ಜಾತಿ ಗೊತ್ತಾಗುವುದಿಲ್ಲ, ಬಾಟಲಿಯ ಬಿರಡೆಗೂ ಬಂಗಾರಕ್ಕೂ ಒಂದೇ ಕೂಗು ಹಾಕುತ್ತದೆ ಎಂಬುದು ದೊಡ್ಡ ಆಕ್ಷೇಪ. ಮಾತು ನಿಜ. ಆದರೆ ಜಾತಿ ಹೇಳುವ ಯಂತ್ರ ನಮ್ಮಲ್ಲಿ ಎಷ್ಟು ಸರಿ ಹೇಳೀತು? ಜಾತಿ ತೋರಿಸಲು ಅದರ ಪರದೆಯ ಮೇಲೆ ಮೂಡುವ ಅಂಕಿಗಳ ಹಿಂದಿರುವುದು ಹೆಚ್ಚಾಗಿ ಪರದೇಶದ ಅನುಭವ. ಅಮೆರಿಕದ ಉಂಗುರ ಸಾಮಾನ್ಯವಾಗಿ 10 ಅಥವಾ 14 ಕ್ಯಾರೆಟ್ಟಿನದು, ನಮ್ಮ ಮನೆಯ ಉಂಗುರ 22 ಕ್ಯಾರೆಟ್ಟಿನದು. ಬೆರಕೆ ಕಡಿಮೆಯಿದ್ದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಅಂಕಿಯೂ ಬದಲಾಗುತ್ತದೆ. ನಮ್ಮ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ ನಾಣ್ಯದಲ್ಲಿ ಸುಮಾರು 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಅಯಸ್ಕಾಂತಕ್ಕೆ ಅಂಟುವ ಈ ನಾಣ್ಯವನ್ನು ಕಬ್ಬಿಣ ಬೇಡವೆಂದು ಹೊಂದಿಸಿದ ಯಂತ್ರ ಕಸವೆಂದು ದಾಟಿಹೋಗಬಹುದು. ಅಲ್ಯುಮಿನಿಯಂ ಡಬ್ಬಿಯ ಮುಚ್ಚಳದ ಚೂರು ಮತ್ತು ಸಣ್ಣ ಚಿನ್ನದ ಒಡವೆ ಒಂದೇ ಅಂಕಿಯಲ್ಲಿ ಕೂರುವುದುಂಟು. ಅದನ್ನು ತಳ್ಳಿದರೆ ಇದೂ ಹೋಗುತ್ತದೆ. ಇನ್ನು ಕಸವೇ ಸಿಕ್ಕಿತೆನ್ನಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪ ನಿಂತಿರುವುದು ಇದೇ ಮಲಪ್ರಭೆಯ ಮಡಿಲಲ್ಲಿ, ಜನ ಮೀಯುವುದೂ ಇದರಲ್ಲೇ. ಇಂಥ ಹೊಳೆಯಿಂದ ಒಂದು ಮೊಳೆ, ಒಂದು ಗಾಳ, ಒಂದು ಬ್ಲೇಡು ಮೇಲೆ ಬಂದರೆ ಒಂದು ಬರಿಗಾಲು ಉಳಿದ ಹಾಗೆ. ಆ ಹೊತ್ತನ್ನು ನಷ್ಟದ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪದು.

ಪಲ್ಸ್ ಯಂತ್ರಕ್ಕೆ ನಿಜವಾದ ಮಿತಿಗಳೂ ಇವೆ, ಅವನ್ನು ಮುಚ್ಚಿಡಬಾರದು. ತೆಳುವಾದ ಸರದ ಪ್ರತಿ ಕೊಂಡಿಯೂ ಬೇರೆಬೇರೆ ಪುಟ್ಟ ಉಂಗುರದಂತೆ ವರ್ತಿಸುವುದರಿಂದ ಅದರ ದನಿ ಬೇಗ ಆರಿಹೋಗಿ, ಯಂತ್ರ ಕಿವಿಗೊಡುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಜಂಬಿಟ್ಟಿಗೆಯಲ್ಲಿ ಮ್ಯಾಗ್‌ಹೆಮೈಟ್ ಎಂಬ ಖನಿಜವಿದ್ದರೆ ಅದು ಮಿಡಿತ ನಿಂತ ಮೇಲೂ ಗುನುಗುತ್ತದೆ, ಒಂದು ಕೆಂಪು ಕಲ್ಲೇ ನಾಣ್ಯದಂತೆ ಸದ್ದು ಮಾಡೀತು. ಆದ್ದರಿಂದ ಕಿವಿಗೊಡುವ ಮೊದಲಿನ ತಡವನ್ನು ಕೈಯಿಂದ ಹೆಚ್ಚುಕಡಿಮೆ ಮಾಡುವ ಗುಂಡಿಯೋ, ನೆಲಕ್ಕೆ ಹೊಂದಿಸುವ ವ್ಯವಸ್ಥೆಯೋ ಇರುವ ಮಾದರಿಯೇ ಮೇಲು. ಹಲವು ಆವರ್ತನಗಳಲ್ಲಿ ಒಟ್ಟಿಗೆ ದುಡಿಯುವ ಮೈನ್‌ಲ್ಯಾಬ್ ಎಕ್ಸ್‌ಕ್ಯಾಲಿಬರ್-2ರಂಥ ಯಂತ್ರಗಳು ಉಪ್ಪುನೀರಿನ ಗಲಾಟೆಯನ್ನು ಚೆನ್ನಾಗಿ ಹತೋಟಿಗೆ ತರುತ್ತವೆ. ಬರೀ ಬಿಳಿ ಮರಳಿನ ತೀರದಲ್ಲೇ ಮುಳುಗುವವರಿಗೆ ಅವು ಸರಿಯಾದ ಆಯ್ಕೆ. ಕಪ್ಪು ಮರಳಿಗೂ ಕೆಂಪು ಹೊಳೆಗೂ ಒಂದೇ ಯಂತ್ರ ಬೇಕೆನ್ನುವವರಿಗೆ ನನ್ನ ಓಟು ಪಲ್ಸಿಗೇ.

ನೆಲ ಆದ ಮೇಲೆ ನೀರಿನ ಸರದಿ. ಜಾಹೀರಾತಿನಲ್ಲಿ ಜಲನಿರೋಧಕ ಎಂದಿದ್ದರೆ ಸಾಲದು, ಎಷ್ಟು ಆಳಕ್ಕೆ ಎಂದು ಕೇಳಬೇಕು. ಗ್ಯಾರೆಟ್ ಎಟಿ ಪ್ರೊ, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಹೆಸರಾದ ಯಂತ್ರಗಳೇ, ಆದರೆ ಅವುಗಳ ಮಿತಿ ಸುಮಾರು 3 ಮೀಟರ್. ಎದೆಮಟ್ಟದ ನೀರಿಗೆ ಸಾಕು, ಸ್ಕೂಬಾಕ್ಕೆ ಸಾಲವು. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ, ಮೊದಲ ಹಂತದ ತರಬೇತಿ ಮುಗಿಸಿದ ಡೈವರಿಗೇ 18 ಮೀಟರಿನವರೆಗೆ ಇಳಿಯುವ ಅವಕಾಶವಿದೆ. ಗ್ಯಾರೆಟ್ ಸೀ ಹಂಟರ್ ಮಾರ್ಕ್-2, ನೋಕ್ಟಾ ಪಲ್ಸ್‌ಡೈವ್‌ನಂಥ ಪಲ್ಸ್ ಯಂತ್ರಗಳು ಸುಮಾರು 60 ಮೀಟರ್ ತಾಳಿಕೊಳ್ಳುತ್ತವೆ. ಹೆಡ್‌ಫೋನಿಗೆ ತಂತಿ ಇರಲೇಬೇಕು, ನೀರು ರೇಡಿಯೋ ಅಲೆಯನ್ನು ನುಂಗಿಬಿಡುತ್ತದೆ. ಯಂತ್ರದ ತುದಿಯ ತಂತಿಸುರುಳಿಯ ತಟ್ಟೆ, ಅಂದರೆ ಕಾಯಿಲ್, ದೊಡ್ಡದಿದ್ದರೆ ಹೆಚ್ಚು ಆಳಕ್ಕೆ ಕೇಳಿಸೀತು ಎಂಬುದು ನಿಜವಾದರೂ ದೂರ ಎರಡು ಪಟ್ಟಾದರೆ ಸಣ್ಣ ವಸ್ತುವಿನ ದನಿ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಿಗ್ಗಿಸಿ ಸಿಗುವ ಲಾಭ ಅಲ್ಪ, ನೀರಿನಲ್ಲಿ ಅಷ್ಟಗಲದ ತಟ್ಟೆಯನ್ನು ಬೀಸುವ ದಣಿವು ಬಹಳ. ದಣಿವೆಂದರೆ ಗಾಳಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿಸಿ, 50 ಬಾರ್ ಮೀಸಲಿಟ್ಟರೆ ಕೈಗೆ 1,800 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40 ಬೇಕು, ಅಂದರೆ 45 ನಿಮಿಷ. ಏದುಸಿರು ಬಂದರೆ ಅದೂ ಇಲ್ಲ. ಎಂಟು ಇಂಚಿನ, ತೇಲದೆ ಮುಳುಗದೆ ನಿಲ್ಲುವ ಕಾಯಿಲ್ ಸಾಕು.

ಇದೆಲ್ಲ ಕೊನೆಗೆ ನಿಧಿ ಅಗೆಯುವ ಹಂಬಲವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನಿಧಿಯ ಕಾನೂನು 1878ರಷ್ಟು ಹಳೆಯದು. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಸಿಕ್ಕವರ ಹೊಣೆ. ಕದಂಬರ ಹಲಸಿ ಇರುವ ಖಾನಾಪುರ ತಾಲೂಕಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಾನೂನಿಗಿಂತ ಆಳವಾದ ಕಾರಣವನ್ನು ಗೋವಾದ ಕಡಲೇ ಹೇಳುತ್ತದೆ. ಅಲ್ಲಿನ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವಕ್ಕೆ ಬುನಾದಿ ಹಾಕಿದವರು ಕನ್ನಡಿಗರೇ ಆದ ಎಸ್.ಆರ್. ರಾವ್. ಅದೇ ಸಂಸ್ಥೆಯವರು ಸುಂಚಿ ರೀಫಿನಲ್ಲಿ ಒಡೆದ ಪೋರ್ಚುಗೀಸ್ ಹಡಗನ್ನು ಶೋಧಿಸಿದಾಗ ಕಬ್ಬಿಣದ ಫಿರಂಗಿಗಳ ಜೊತೆ ಆನೆಯ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಸಿಕ್ಕಿದವು. ಡಿಟೆಕ್ಟರಿಗೆ ಫಿರಂಗಿ ಕೇಳಿಸುತ್ತದೆ, ದಂತ ಕೇಳಿಸುವುದಿಲ್ಲ. ಸದ್ದಾದಲ್ಲೆಲ್ಲ ಬಗೆಯುವ ಕೈ ಮೌನವಾಗಿರುವುದನ್ನೆಲ್ಲ ಪುಡಿಮಾಡುತ್ತದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಹವಳವಿದೆ, ಅದಕ್ಕೆ ವನ್ಯಜೀವಿ ಕಾನೂನಿನ ರಕ್ಷೆಯಿದೆ. ನೌಕಾಪಡೆ ಆ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು, ಅಲ್ಲಿ ಕೂಗುವ ಲೋಹವನ್ನು ಮುಟ್ಟುವುದೇ ಅಪಾಯ. ಅಂಥಲ್ಲಿಗೆ ಯಂತ್ರ ಒಯ್ಯಲೇಬಾರದು. ಕಳೆದವರು ಕೇಳಿಕೊಂಡು ಬಂದ ಉಂಗುರ, ಸ್ನಾನದಲ್ಲಿ ಜಾರಿದ ಮೂಗುತಿ, ದೋಣಿಯಿಂದ ಬಿದ್ದ ಲಂಗರು: ಹಿಂದಿರುಗಿಸಲು ಮಾಲೀಕರಿರುವ ವಸ್ತುವೇ ಈ ಹವ್ಯಾಸದ ಸರಿಯಾದ ಗುರಿ. ಮಣ್ಣನ್ನು ಅರಿತು ಯಂತ್ರ ಆರಿಸಿದವರಿಗೆ ಎಲ್ಲಿ ಆರಿಸಿಕೊಳ್ಳಬಾರದೆಂಬುದೂ ತಿಳಿಯುತ್ತದೆ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಅದಕ್ಕೆ ಈಜುಕೊಳ ಆಗದು, ಅದರ ಕಾಂಕ್ರೀಟಿನೊಳಗಿನ ಸರಳುಗಳೇ ಕೂಗಿಬಿಡುತ್ತವೆ. ನೆಹರು ನಗರದ ಕೊಳ ಮೈಯನ್ನು ನೀರಲ್ಲಿ ಸಮತೂಕಕ್ಕೆ ತರುವ ಅಭ್ಯಾಸಕ್ಕೆ ಇರಲಿ. ಲೋಹದ ಹಿಡಿಕೆಯಿಲ್ಲದ ಒಂದು ಪ್ಲಾಸ್ಟಿಕ್ ತೊಟ್ಟಿ, ಅರ್ಧದವರೆಗೆ ನೀವು ಮುಳುಗಲಿರುವ ಜಾಗದ ಮರಳು, ಮೇಲೆ ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದ ನೀರು, ದಾರ ಕಟ್ಟಿದ ಒಂದು 22 ಕ್ಯಾರೆಟ್ ಉಂಗುರ. ಮೊದಲು ಬರಿಯ ಮರಳಿನ ಮೇಲೆ ಕಾಯಿಲ್ ಆಡಿಸಿ, ಯಂತ್ರ ಸುಮ್ಮನಿರಬೇಕು. ಆಮೇಲೆ ಉಂಗುರವನ್ನು ಒಂದು ಗೇಣು ಹೂತು ಮತ್ತೆ ಆಡಿಸಿ. ಆಗ ಮಾತ್ರ ಅದು ಕೂಗಿದರೆ, ಆ ಯಂತ್ರಕ್ಕೆ ನಿಮ್ಮ ಸೀಮೆಯ ನೀರೂ ಮಣ್ಣೂ ಗೊತ್ತು.