ಓರೆ ಬಾಗಿಲು

ನಮ್ಮದು 20×30 ಸೈಟಿನ ಮನೆ. ಬೆಂಗಳೂರಲ್ಲಿ ಇಂಥ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಆರುನೂರು ಚದರ ಅಡಿಯಲ್ಲಿ ಕಾರು, ಸಂಪು, ಮೀಟರ್ ಬೋರ್ಡು ಎಲ್ಲ ತಮ್ಮ ತಮ್ಮ ಪಾಲು ತಗೊಂಡು ಹೋದ ಮೇಲೆ ಉಳಿದದ್ದರಲ್ಲಿ ನಾವು. ಹೀಗಾಗಿ ಹಾಲಿನಿಂದ ಮೇಲೆ ಹೋಗುವ ಮೆಟ್ಟಿಲ ಕೆಳಗಿನ ಜಾಗ ನಮಗೆ ಆಸ್ತಿಯೇ. ಉದ್ದ ಏಳಡಿ. ಎತ್ತರದ ಕಡೆ ಐದೂವರೆ ಅಡಿ ಇದೆ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಒಂದು ಗೇಣೂ ಉಳಿಯೋದಿಲ್ಲ. ಎರಡು ವರ್ಷ ಅಲ್ಲಿ ಅಕ್ಕಿ ಮೂಟೆ, ವ್ಯಾಕ್ಯೂಮ್ ಕ್ಲೀನರ್, ಮಗನ ಸೈಕಲ್ಲು, ಗಂಡ ಕಲಿಯದೇ ಬಿಟ್ಟ ಗಿಟಾರು ಒಟ್ಟಿಗೆ ಸಂಸಾರ ಮಾಡಿದವು. ಮುಂದೆ ಒಂದು ಹಳೇ ಪರದೆ. ಯಾರಾದ್ರೂ ಬಂದ್ರೆ ಎಳೆಯೋದು, ಹೋದ ಮೇಲೆ ಬಿಡೋದು.

ಗೃಹಪ್ರವೇಶದ ದಿನ ಎಲ್ಲರೂ ಮನೆ ನೋಡಿ, ಊಟ ಮಾಡಿ, ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾಗ ಅಪ್ಪಯ್ಯ ಒಬ್ಬರೇ ಆ ಮೆಟ್ಟಿಲ ಕೆಳಗೆ ಬಗ್ಗಿ ನಿಂತು ಏನನ್ನೋ ನೋಡ್ತಾ ಇದ್ದರು. "ಇಲ್ಲೊಂದು ಕಪಾಟು ಮಾಡಿ ಕೊಡ್ತೆ ಮಗಾ" ಅಂದರು. "ಹ್ಞೂಂ ಅಪ್ಪಯ್ಯ, ನೋಡಣ" ಅಂದೆ. ಈ 'ನೋಡಣ'ದ ಅರ್ಥ ಅವರಿಗೂ ಗೊತ್ತಿತ್ತು ಅನ್ನಿಸತ್ತೆ, ಮತ್ತೆ ಆ ಮಾತು ತೆಗೀಲಿಲ್ಲ.

ಅಪ್ಪಯ್ಯ ಬಡಗಿ. ಸಾಗರದ ಹತ್ತಿರದ ನಮ್ಮೂರಲ್ಲಿ ಆಚಾರ್ರು ಅಂದರೆ ಅವರೇ. ಸುತ್ತಿನ ಊರುಗಳಲ್ಲಿ ಅವರು ಮಾಡಿದ ಬಾಗಿಲು, ಮಂಚ, ತೊಟ್ಟಿಲು ಇನ್ನೂ ಇವೆ. ಈಗ ಕೈ ನಡುಗುತ್ತೆ, ನಾಲ್ಕು ವರ್ಷದಿಂದ ಕೆಲಸ ಬಿಟ್ಟಿದ್ದಾರೆ. ಅವರಿಗೆ ಕೆಲಸ ಕೊಡದೇ ಇದ್ದದ್ದಕ್ಕೆ ನಾನು ಎಲ್ಲರಿಗೂ ಹೇಳಿದ ಕಾರಣ ಆ ನಡುಕ. ಅದು ಅರ್ಧ ನಿಜ. ಉಳಿದರ್ಧ ಏನಂದ್ರೆ, ಅಪ್ಪಯ್ಯ ಮಾಡಿದರೆ ಅದು ಅಪ್ಪಯ್ಯನ ಕಪಾಟೇ ಆಗ್ತಿತ್ತು. ದಪ್ಪ ಚೌಕಟ್ಟು, ಕಂದು ಪಾಲಿಶು, ಬಾಗಿಲ ನಡುವೆ ಒಂದು ಕಮಲ. ನನಗೆ ಬೇಕಿದ್ದದ್ದು ಹೊಳಪಿಲ್ಲದ ಬೂದು ಬಣ್ಣ, ಹಿಡಿ ಇಲ್ಲದ, ಒತ್ತಿದರೆ ತೆರೆಯುವ ನಾಲ್ಕು ಬಾಗಿಲು. ಆಫೀಸಿನವರು ಮನೆಗೆ ಬಂದಾಗ 'ವಾವ್' ಅನ್ನಬೇಕು, ಅಷ್ಟೆ. ಕಮಲ ನೋಡಿ ಅವರು ಏನಂತಾರೋ ಅನ್ನೋ ಅಳುಕು. ಬಡಗಿಯ ಮಗಳಿಗೆ ಇಂಥ ಅಳುಕು ಎಲ್ಲಿಂದ ಬಂತು ಅಂತ ಕೇಳಬೇಡಿ, ಬಂದಿತ್ತು.

ಹಾಗಾಗಿ ಒಂದು ಮಾಡ್ಯುಲರ್ ಕಂಪನಿಗೆ ಫೋನ್ ಮಾಡಿದೆ. ಲೇಸರ್ ಮೀಟರ್ ಹಿಡಿದ ಹುಡುಗ ಬಂದ. ಓರೆ ಬಾಗಿಲು ಅಂದ್ರೆ ಸ್ಟ್ಯಾಂಡರ್ಡ್ ಸೈಜ್ ಅಲ್ಲ, ಪ್ರತಿಯೊಂದೂ ಬೇರೆ ಅಳತೆ, ರೇಟು ಜಾಸ್ತಿ ಅಂದ. ಆಗಲಿ ಅಂದೆ. ಅವನು ಕೋನ ಅಳೆಯೋಕೆ ಒದ್ದಾಡ್ತಿದ್ದಾಗ ನಾನೇ ಜಾಣತನ ತೋರಿಸಿದೆ. ಆರ್ಕಿಟೆಕ್ಟ್ ಕೊಟ್ಟ ಡ್ರಾಯಿಂಗ್ ತೆಗೆದು, ನೋಡಿ, ಮೆಟ್ಟಿಲ ಎತ್ತರ 7 ಇಂಚು, ಅಗಲ 10 ಇಂಚು, ಅಂದ್ರೆ ಇಳಿಜಾರು 35 ಡಿಗ್ರಿ ಅಂತ ಫೋನಿನಲ್ಲೇ ಲೆಕ್ಕ ಹಾಕಿ ಕೊಟ್ಟೆ. ಅವನಿಗೂ ಅದೇ ಬೇಕಿತ್ತು. ಅಳತೆಯ ಹಾಳೆಗೆ ಸಹಿ ಹಾಕಿದೆ.

ಮರೆತದ್ದು ಒಂದೇ. ಮನೆ ಕಟ್ಟುವಾಗ ಬಾತ್‌ರೂಮ್ ಬಾಗಿಲು ಮೆಟ್ಟಿಲಿಗೆ ತಾಗುತ್ತೆ ಅಂತ ಮೇಸ್ತ್ರಿ ಪ್ರತಿ ಮೆಟ್ಟಿಲಿನ ಅಗಲವನ್ನು ಅರ್ಧ ಇಂಚು ಕಮ್ಮಿ ಮಾಡಿದ್ದ. ಕೇಳಿಯೇ ಮಾಡಿದ್ದ, ನಾನೇ ಒಪ್ಪಿದ್ದೆ. ಒಂಬತ್ತೂವರೆ ಆದರೆ ಇಳಿಜಾರು 36 ದಾಟುತ್ತೆ. ಒಂದು ಡಿಗ್ರಿ ಯಾವ ಲೆಕ್ಕ ಅನ್ನಬೇಡಿ. ಏಳಡಿ ಉದ್ದಕ್ಕೆ ಒಂದು ಡಿಗ್ರಿ ತಪ್ಪಿದರೆ ಕೊನೆಯಲ್ಲಿ ಎರಡು ಇಂಚಿಗೂ ಹೆಚ್ಚು ವ್ಯತ್ಯಾಸ ಬರುತ್ತೆ.

ಆರು ವಾರದ ಮೇಲೆ ಬಾಗಿಲುಗಳು ಬಂದವು. ಚಂದವೇ ಇದ್ದವು. ಆದರೆ ಎತ್ತರದ ಬದಿ ಸರಿಯಾಗಿ ಕೂರಿಸಿದರೆ ತಗ್ಗಿನ ಬದಿ ಮುಕ್ಕಾಲು ಇಂಚು ಗಾರೆಯ ಮೇಲೆ ಹತ್ತಿ ನಿಲ್ಲುತ್ತಿತ್ತು. ಅದನ್ನು ಸರಿಮಾಡೋಕೆ ಕೆಳಗಿಳಿಸಿದರೆ ಎತ್ತರದ ಬದಿಯಲ್ಲಿ ಬೆರಳು ತೂರುವಷ್ಟು ಸಂದಿ. ಸಾಲದ್ದಕ್ಕೆ ಹಿಂಜುಗಳನ್ನು ಬಾಗಿಲಿನ ಗಿಡ್ಡ ಬದಿಗೆ ಹಾಕಿದ್ದರು. ಮೂರೇ ದಿನಕ್ಕೆ ದೊಡ್ಡ ಬಾಗಿಲು ಜೋತುಬಿದ್ದು ನೆಲ ಕೆರೆಯೋಕೆ ಶುರುಮಾಡಿತು. ಕಂಪನಿಗೆ ಫೋನ್ ಮಾಡಿದರೆ, "ಮ್ಯಾಡಮ್, ಅಳತೆಗೆ ನೀವೇ ಸೈನ್ ಮಾಡಿದೀರಿ." ಹೌದು, ಮಾಡಿದ್ದೆ. ಕೊಟ್ಟಿದ್ದ ಅಡ್ವಾನ್ಸು ನಲವತ್ತು ಸಾವಿರ. ಬಾಕಿ ಕೊಡಲ್ಲ ಅಂತ ನಾನು, ಬಾಗಿಲು ವಾಪಸ್ ತಗೊಂಡು ಹೋಗ್ತೀವಿ ಅಂತ ಅವರು. ತಗೊಂಡು ಹೋದರು. ಮತ್ತೆ ಪರದೆ ಎಳೆದೆ.

ತಮ್ಮನ ಹತ್ತಿರ ಹೇಳಿಕೊಂಡು ಅಳೋಣ ಅಂತ ಫೋಟೋ ಕಳಿಸಿದ್ದೆ. ಅವನು ಅದನ್ನು ನೆಟ್ಟಗೆ ಅಪ್ಪಯ್ಯನಿಗೆ ತೋರಿಸಿದ್ದಾನೆ. ರಾತ್ರಿ ಫೋನ್ ಬಂತು.

"ಹಿಂಜು ಗಿಡ್ಡ ಬದಿಗೆ ಯಾರು ಹಾಕಿದ್ದು?"

ಬೇರೇನೂ ಕೇಳಲಿಲ್ಲ. ಎರಡು ದಿನ ಬಿಟ್ಟು ತಾಳಗುಪ್ಪದ ರೈಲಿಗೆ ಬಂದಿಳಿದರು, ಹೆಗಲಿಗೆ ಹಳೇ ಕ್ಯಾನ್ವಾಸ್ ಚೀಲ.

ಬಂದವರು ಕಾಫಿ ಕುಡಿದು ಮೆಟ್ಟಿಲ ಎದುರು ಮಣೆ ಹಾಕ್ಕೊಂಡು ಕೂತರು. ನಾನು ಮತ್ತೆ ಡ್ರಾಯಿಂಗ್ ತರೋಕೆ ಹೊರಟೆ. "ಅದು ಎಂತಕ್ಕೆ? ಮೆಟ್ಟಿಲು ಇಲ್ಲೇ ಅದಲ" ಅಂದರು. ಚೀಲದಿಂದ ತೆಗೆದದ್ದು ಎರಡು ಪಟ್ಟಿಯನ್ನು ಒಂದು ತಿರುಪಿನಿಂದ ಜೋಡಿಸಿದ ಮಟ್ಟ. ಒಂದು ಪಟ್ಟಿ ನಿಲುವಿಗೆ, ಇನ್ನೊಂದು ಇಳಿಜಾರಿಗೆ ಹಿಡಿದು ತಿರುಪು ಬಿಗಿ ಮಾಡಿದರೆ ಆಯ್ತು. ಎಷ್ಟು ಡಿಗ್ರಿ ಅಂತ ಅದು ಹೇಳೋದಿಲ್ಲ, ಇದ್ದ ಓರೆಯನ್ನು ಹಾಗೇ ಎತ್ತಿಕೊಂಡು ಬರುತ್ತೆ. ನಾಲ್ಕು ಕಡೆ ಹಿಡಿದು ನೋಡಿದರು. ನಾಲ್ಕು ಕಡೆಯೂ ಕೂದಲೆಳೆಯಷ್ಟು ಬೇರೆ. ಗಾರೆಯವನ ಕೈ ಎಲ್ಲೂ ಒಂದೇ ಸಮ ಇರೋದಿಲ್ಲವಂತೆ.

ಟಿವಿ ಬಂದಿದ್ದ ರಟ್ಟಿನ ಡಬ್ಬ ಅಟ್ಟದ ಮೇಲಿತ್ತು. ಅದನ್ನು ಬಿಡಿಸಿ, ಒಂದೊಂದು ಬಾಗಿಲಿನ ಜಾಗಕ್ಕೆ ಒಂದೊಂದು ರಟ್ಟು ಒಡ್ಡಿ ನಿಲ್ಲಿಸಿದೆವು. ಒಂದು ಚಿಕ್ಕ ಮರದ ತುಂಡನ್ನು ಇಳಿಜಾರಿಗೆ ಒತ್ತಿ ಹಿಡಿದು, ಅದರ ಕೆಳಗೆ ಪೆನ್ಸಿಲ್ ಇಟ್ಟು ಉದ್ದಕ್ಕೂ ಎಳಕೊಂಡು ಹೋದರೆ ಗಾರೆಯ ಉಬ್ಬುತಗ್ಗು ಪೂರ್ತಿ ರಟ್ಟಿನ ಮೇಲೆ ಬರುತ್ತೆ. ಅಪ್ಪಯ್ಯ ಮೊದಲ ಗೆರೆ ಎಳೆದರು. ತುಂಡು ಗೋಡೆಗೆ ಒತ್ತಿದ್ದರೂ ಪೆನ್ಸಿಲ್ ನಡುಗಿ ಗೆರೆ ಎರಡೆರಡಾಯಿತು. ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ನೀ ಎಳಿ. ನಾ ರಟ್ಟು ಹಿಡೀತೆ" ಅಂದರು.

ಚಿಕ್ಕವಳಿದ್ದಾಗ ಅವರ ಉಳಿ ಮುಟ್ಟಿದ್ದಕ್ಕೆ ಬೈಸಿಕೊಂಡಿದ್ದೇನೆ. ತಮ್ಮನಿಗೆ ಕೀಸುಳಿ ಹಿಡಿಯೋದು ಹೇಳಿಕೊಟ್ಟರು, ಅವನು ಕಲಿಯಲಿಲ್ಲ. ನನಗೆ ಕಲಿಸುವ ವಿಚಾರ ಮನೆಯಲ್ಲಿ ಯಾರಿಗೂ ಬಂದಿರಲೇ ಇಲ್ಲ, ನನ್ನನ್ನೂ ಸೇರಿಸಿ. ಮೂವತ್ತೈದನೇ ವಯಸ್ಸಿನಲ್ಲಿ ಹಾಲಿನ ನೆಲದ ಮೇಲೆ ಮೊಣಕಾಲೂರಿ ನಾಲ್ಕು ಗೆರೆ ಎಳೆದೆ. ಮೂರನೇದನ್ನು ಅವರು ಅಳಿಸಿ ಮತ್ತೆ ಎಳೆಸಿದರು. "ಅವಸರ ಬೇಡ, ರೈಲು ನಾಳೆಗೆ" ಅಂದರು.

ಕೊಯ್ಯೋಕೆ ನಮ್ಮ ಬಡಾವಣೆಯ ಪ್ಲೈವುಡ್ ಅಂಗಡಿಯ ಹುಡುಗನನ್ನು ಕರೆದೆವು. ರಾಜಸ್ಥಾನದವನು. ಅಪ್ಪಯ್ಯನಿಗೆ ಹಿಂದಿ ಬಾರದು, ಅವನಿಗೆ ಕನ್ನಡ 'ಊಟ ಆಯ್ತಾ'ದಷ್ಟು. ಅವನು ಎರಡು ಹಾಳೆ ಬೇಕು ಅಂದ. ಅಪ್ಪಯ್ಯ ತಲೆ ಅಲ್ಲಾಡಿಸಿ, ರಟ್ಟುಗಳನ್ನು ಎತ್ತಿ ಒಂದೇ 8×4 ಹಾಳೆಯ ಮೇಲೆ ಇಟ್ಟು ತೋರಿಸಿದರು. ದೊಡ್ಡ ಬಾಗಿಲಿನ ಓರೆಗೆ ಚಿಕ್ಕದನ್ನು ತಲೆಕೆಳಗು ಮಾಡಿ ಜೋಡಿಸಿದರೆ ಎರಡೂ ಸೇರಿ ಉದ್ದನೆಯ ಚೌಕ. ನಡುವಿನ ಎರಡು ಬಾಗಿಲೂ ಹಾಗೆಯೇ. ಒಂದು ಓರೆ ಕೊಯ್ತಕ್ಕೆ ಎರಡು ಬಾಗಿಲು! ಹುಡುಗ "ಅರೇ ಬಾಬೂಜಿ" ಅಂತ ನಕ್ಕ. ಅಲ್ಲಿಂದ ಮುಂದೆ ನನ್ನ ಭಾಷಾಂತರ ಅವರಿಬ್ಬರಿಗೂ ಬೇಕಾಗಲಿಲ್ಲ.

ಹಿಂಜು ಎಲ್ಲ ಉದ್ದ ಬದಿಗೇ. ಎರಡು ಹಿಂಜಿನ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಬಾಗಿಲು ಜೋತುಬೀಳೋದಿಲ್ಲ ಅಂತ ಅಪ್ಪಯ್ಯ ಕೈಯಲ್ಲೇ ತೋರಿಸಿದರು. ಆದರೆ ಮೇಲಿನ ಹಿಂಜನ್ನು ಚೂಪು ಮೂಲೆಗೆ ತೀರ ಹತ್ತಿರ ಒಯ್ಯಬಾರದು, ಅಲ್ಲಿ ಮರ ಕಮ್ಮಿ, ಸ್ಕ್ರೂ ಹಿಡಿಯೋದಿಲ್ಲ. ಚೂಪು ತುದಿಗಳನ್ನು ಕಾಳಿನಷ್ಟು ಮೊಂಡು ಮಾಡಿಸಿದರು. ಇಲ್ಲದಿದ್ದರೆ ಪೊರಕೆ ತಾಗಿದರೂ ಚಕ್ಕೆ ಏಳುತ್ತಂತೆ. ಲ್ಯಾಮಿನೇಟ್ ಒಳಗೂ ಹೊರಗೂ ಹಾಕಿಸಿದರು, ಒಂದೇ ಬದಿಗೆ ಹಾಕಿದರೆ ಬಾಗಿಲು ಬಾಗುತ್ತೆ ಅಂತ. ಬಣ್ಣ ಯಾವುದು ಅಂತ ಹುಡುಗ ಕೇಳಿದಾಗ ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ನನ್ನ ಮುಖ ನೋಡಿ, "ನಿಂಗೆ ಬೇಕಾದ್ದು ಹಾಕಿಸು, ನನ್ನ ಎಂತಕ್ಕೆ ನೋಡ್ತೆ" ಅಂದರು. ಬೂದು ಬಣ್ಣವನ್ನೇ ಹಾಕಿಸಿದೆ. ಕಮಲದ ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡಬೇಕಿತ್ತೇನೋ ಅಂತ ಈಗ ಅನ್ನಿಸುತ್ತೆ.

ನಾಳೆಯ ರೈಲು ನಾಲ್ಕು ದಿನ ಮುಂದೆ ಹೋಯಿತು. ಬಾಗಿಲು ಕೂತ ಸಂಜೆ ಅಪ್ಪಯ್ಯ ಎದುರು ನಿಂತು ಹುಡುಕಿದರು. "ಹಿಡಿ ಎಲ್ಲಿ?"

ಒತ್ತಿ ತೋರಿಸಿದೆ. ಟಕ್ ಅಂತ ತೆರೆದುಕೊಂಡಿತು. ಅವರು ಮುಚ್ಚಿ ತಾವು ಒತ್ತಿದರು. ಮತ್ತೆ ಮುಚ್ಚಿದರು, ಮತ್ತೆ ಒತ್ತಿದರು. ನಾಲ್ಕೂ ಬಾಗಿಲನ್ನು ಹತ್ತು ಹತ್ತು ಸಲ ಒತ್ತಿರಬೇಕು. "ಇದು ಕೈ ನಡುಗೋರಿಗೆ ಚಲೋ ಆತು. ಹಿಡಿಯೋದೇ ಬೇಡ" ಅಂದರು.

ರಾತ್ರಿ ಅಮ್ಮನ ಫೋನ್ ಬಂತು. ಸ್ಪೀಕರಿನಲ್ಲಿತ್ತು. ಒಟ್ಟು ಎಷ್ಟು ಖರ್ಚಾಯಿತು ಅಂತ ಅಮ್ಮನ ಮೊದಲ ಪ್ರಶ್ನೆ. ಅಡ್ವಾನ್ಸು ಹೋದ ವಿಷಯ ಊರಿಗೆ ಗೊತ್ತಾಗೋದು ಬೇಡ ಅಂತ ನಾನು ಒಳಗೊಳಗೇ ಒದ್ದಾಡ್ತಿದ್ದೆ. ತಮ್ಮ ಅದನ್ನೂ ಹೇಳಿಯೇ ಇರ್ತಾನೆ.

"ಎಂತ ಖರ್ಚು, ಒಂದು ಹಾಳೆ ಪ್ಲೈವುಡ್" ಅಂದರು ಅಪ್ಪಯ್ಯ. ನನ್ನ ಕಡೆ ನೋಡಲಿಲ್ಲ. ನಾಲ್ಕನೇ ಬಾಗಿಲು ಒತ್ತಿ ತೆಗೆದು, ಖಾಲಿ ಇದ್ದ ಆ ಗೂಡಿನೊಳಗೆ ತಮ್ಮ ಕ್ಯಾನ್ವಾಸ್ ಚೀಲ ಹಿಡಿಯುತ್ತಾ ಅಂತ ಇಟ್ಟು ನೋಡ್ತಾ ಇದ್ದರು.